ಸಿಕ್ ರೂಮು: ಇದೆ

ಮಳೆಗೆ ಕರೆಂಟು ಹೋಗಿತ್ತು. ದಾಬಸ್‌ಪೇಟೆ ಹೆದ್ದಾರಿ ಪಕ್ಕದ ಆ ಕಾಲೇಜು ಹಾಸ್ಟೆಲ್ಲಿನಲ್ಲಿ ಜನರೇಟರ್ ಹೆಸರಿನಲ್ಲಿ ಪ್ರತಿ ವರ್ಷ ಶುಲ್ಕ ಕಟ್ಟಿಸಿಕೊಳ್ಳುತ್ತಾರೆ. ಅದು ಯಾವ ಬಣ್ಣದ್ದೆಂದು ಮಾತ್ರ ಯಾರೂ ನೋಡಿಲ್ಲ. ಹಾಗಾಗಿ ನಲವತ್ತೊಂದು ಹುಡುಗಿಯರೂ ಬೆಳಕಿದ್ದ ಒಂದೇ ಜಾಗಕ್ಕೆ ಬಂದು, ಅಡುಗೆಮನೆಯ ಒಲೆ ಸುತ್ತ ಕೂತಿದ್ದರು.

ಅಕ್ಷತಳ ತೊಡೆಯ ಮೇಲೆ ಒಂದು ಫಾರಂ ಇತ್ತು. ನಾಳೆ ತಪಾಸಣೆ ತಂಡ ಬರುತ್ತದೆ. ಬಿಸಿನೀರು, ಜನರೇಟರ್, ಸಿಕ್ ರೂಮು, ಎಲ್ಲದರ ಮುಂದೆ 'ಇದೆ' ಎಂದು ಬರೆದು ಎಲ್ಲರ ಸಹಿ ಹಾಕಿಸಿಡಿ, ಇಲ್ಲದಿದ್ದರೆ ಹಾಲ್ ಟಿಕೆಟ್ ಮರೆತುಬಿಡಿ ಎಂದು ವಾರ್ಡನ್ ಹೇಳಿಹೋಗಿದ್ದರು. ಹಾಸ್ಟೆಲ್ ಪ್ರತಿನಿಧಿಯಾದ್ದರಿಂದ ಬರೆಯಬೇಕಾದವಳು ಅಕ್ಷತಳೇ. ಅವಳ ಅಮ್ಮ ಸೋಂಪುರದ ಫ್ಯಾಕ್ಟರಿಯಲ್ಲಿ ದಿನವೆಲ್ಲ ನಿಂತೇ ದುಡಿದು ಓದಿಸುತ್ತಿದ್ದಳು. ಪರೀಕ್ಷೆ ಕಳೆದುಕೊಳ್ಳುವ ಧೈರ್ಯ ಅಕ್ಷತಳಿಗಿರಲಿಲ್ಲ. ಪೆನ್ನಿನ ಕ್ಯಾಪ್ ತೆಗೆದಳು.

ಇಪ್ಪತ್ತು ವರ್ಷದಿಂದ ಇಲ್ಲೇ ಅಡುಗೆ ಮಾಡುತ್ತಿದ್ದ ಪಾಪಕ್ಕ ಅದನ್ನು ನೋಡಿ ಮುದ್ದೆಕೋಲು ಕೆಳಗಿಟ್ಟಳು.

"ತಡಿ ಕಣವ್ವ, ಸಿಂಚನನ ಕತೆ ಕೇಳ್ಬಿಟ್ಟು ಬರಿ... ಎಂಟು ವರ್ಷ ಆಯ್ತು. ಇಂಥದೇ ಮಳೆ, ಇಂಥದೇ ಫಾರಂ. ಸಹಿ ಹಾಕಿದೋರ್ಗೆ ಒಬ್ಬಟ್ಟಿನ ಊಟ ಅಂದ್ರು. ವರ್ಷವೆಲ್ಲ ನೀರು ಸಾರು ಕುಡಿದಿದ್ದ ಮಕ್ಳು ಬ್ಯಾಡ ಅಂತಾರಾ? ಆ ಒಬ್ಬಟ್ಟು ತಟ್ಟಿದ್ದು ಇದೇ ಕೈ. ಸಿಂಚನ ಅನುಗೊಂಡನಹಳ್ಳಿ ಕಡೆಯೋಳು, ದುಂಡುಗೆ ಬರೀತಿದ್ಲು, 'ಸಿಕ್ ರೂಮು ಇದೆ' ಅಂತ ಅವಳ ಕೈಲೇ ಬರೆಸುದ್ರು. ನಾಕೇ ದಿನ... ಅವಳಿಗೇ ಜ್ವರ ಬಂತು. ಸಿಕ್ ರೂಮಿಗೆ ಹೊತ್ಕೊಂಡ್ ಹೋದ್ರೆ ಅಲ್ಲೇನಿತ್ತು? ಬಾಗಿಲಿಗೆ ಬೀಗ, ಕಿಟಕೀಲಿ ಇಣುಕುದ್ರೆ ಮುರುಕಲು ಬೆಂಚು. ಗೇಟಿಗೂ ಬೀಗ, ಕೀ ವಾರ್ಡನ್ ಮನೇಲಿ. ಆ ಬಾಗಿಲ ಮುಂದೆ ನನ್ನ ತೊಡೆ ಮೇಲೆ ಮಲಗಿ, 'ನಾನೇ ಬರೆದ್ನಲ್ಲ ಪಾಪಕ್ಕ' ಅಂತ ಅಂತಾನೇ ತಣ್ಣಗಾದ್ಲು. ಅವರಪ್ಪ ಮುನಿಶಾಮಪ್ಪ ಬಂದು ಕೇಳುದ್ರೆ ಏನ್ ತೋರಿಸುದ್ರು ಹೇಳಿ? ಮಗಳ ಅಕ್ಷರಾನೇ ತೋರಿಸುದ್ರು..."

ಒಲೆಯಲ್ಲಿ ಸೌದೆ ಸಿಡಿಯಿತು. ಪಾಪಕ್ಕ ಅದನ್ನು ಒಳಕ್ಕೆ ತಳ್ಳಿದಳು.

"ಅವತ್ತಿಂದ ಯಾರಾದ್ರೂ 'ಇದೆ' ಅಂತ ಬರೆದ್ರೆ ಸಾಕು, ಆ ರೂಮಿನ ಬಾಗಿಲು ಒಳಗಡೆಯಿಂದ ಅಲ್ಲಾಡ್ತದೆ. ಬೆಳಿಗ್ಗೆ ನೋಡುದ್ರೆ 'ಇದೆ' ಮೇಲೆ ಗೀಟು, ಪಕ್ಕದಲ್ಲಿ ದುಂಡುಗೆ 'ಇಲ್ಲ'. ಮೂರು ಜನ ವಾರ್ಡನ್ ಬಿಟ್ಟೋದ್ರು. ಆದ್ರೆ ಏನ್ ಬಂತು? ಆ ಫಾರಂ ಹರಿದು ಹೊಸದು ಬರೆಸ್ತಾರೆ. ಸತ್ತೋಳ ಅಕ್ಷರಕ್ಕೆ ಬೆಲೆ ಎಲ್ಲೈತೆ... ಬದುಕಿರೋರು ಬರೀಬೇಕು."

ಅಕ್ಷತಳಿಗೆ ಅರ್ಧ ಹೆದರಿಕೆ, ಮಿಕ್ಕಿದ್ದು ಸಿಟ್ಟು. ಹಾಲ್ ಟಿಕೆಟ್ ಹೋದರೆ ಹೋಗಲಿ, ಅಮ್ಮನ ಮುಂದೆ ನಿಂತು ನಾನೇ ಹೇಳುತ್ತೇನೆ. ಈ ಸುಳ್ಳನ್ನು ಮಾತ್ರ ನನ್ನ ಕೈಯಿಂದ ಬರೆಯುವುದಿಲ್ಲ ಅಂದುಕೊಂಡಳು. ಬಿಸಿನೀರು, ಇಲ್ಲ. ಜನರೇಟರ್, ಇಲ್ಲ. ಸಿಕ್ ರೂಮು ಎಂಬುದರ ಮುಂದೆ ಕಾಗದ ಹರಿಯುವಷ್ಟು ಒತ್ತಿ ಬರೆದಳು. ಸಹಿ ಹಾಕಿ ಬಲಗಡೆ ಕೂತಿದ್ದ ಹರ್ಷಿತಳಿಗೆ ಕೊಟ್ಟಳು. ಫಾರಂ ಕೈಯಿಂದ ಕೈಗೆ ಒಲೆಯನ್ನು ಸುತ್ತಿತು. ಒಬ್ಬಳೂ ಹಿಂಜರಿಯಲಿಲ್ಲ.

ಅದು ಎಡಗಡೆಯಿಂದ ತಿರುಗಿ ಬಂದಾಗ ಅಕ್ಷತ ಸಹಿಗಳನ್ನು ಎಣಿಸಿದಳು. ಇನ್ನೊಮ್ಮೆ ಎಣಿಸಿದಳು. ನಲವತ್ತೆರಡು. ಕೊನೆಯ ಸಹಿಯ ಮಸಿ ಇನ್ನೂ ಆರಿರಲಿಲ್ಲ, ಅಕ್ಷರ ದುಂಡಗಿತ್ತು.

ಪಾಪಕ್ಕ ಫಾರಂ ಕಡೆ ನೋಡಲೂ ಇಲ್ಲ, ತಟ್ಟೆಗಳಿಗೆ ಮುದ್ದೆ ಹಾಕುತ್ತಿದ್ದಳು.

"ನಲವತ್ತೆರಡೇ ಕಣವ್ವ, ಸರಿಯಾಗೈತೆ. ಎಂಟು ವರ್ಷದಿಂದ ಒಂದ್ ಮುದ್ದೆ ಜಾಸ್ತೀನೇ ಕಟ್ತೀನಿ, ಒಂದಿನಾನೂ ಮಿಕ್ಕಿಲ್ಲ... ಒಸಿ ಬಲಕ್ಕೆ ಸರ್ಕೊ ಅಕ್ಷತ, ನಿನ್ನ ಎಡಗಡೆ ಕೂತಿರೋಳಿಗೆ ಜಾಗ ಸಾಲ್ತಾ ಇಲ್ಲ."