ತೊಡೆಯ ಮೇಲಿನ ಬ್ಯಾಗ್

ಗುರುವಾಯನಕೆರೆಯಿಂದ ಮೂಡುಬಿದಿರೆಗೆ ಹೊರಟ ಬಸ್ಸಿನಲ್ಲಿ ಪ್ರೇಮಾವತಿಗೆ ಸೀಟು ಸಿಕ್ಕಿತ್ತು. ಮಗ ನಿತೇಶ ಗುಂಪಿನ ಪ್ರಾಜೆಕ್ಟಿಗೆ ಒಂದಕ್ಷರವನ್ನೂ ಬರೆದಿಲ್ಲ, ಬಂದು ಮಾತಾಡಿ ಎಂದು ಅಲ್ಲಿನ ಕಾಲೇಜಿನ ಸರ್ ಫೋನ್ ಮಾಡಿದ್ದರು. ಪಕ್ಕದಲ್ಲಿ ನಿಂತಿದ್ದ ಇಬ್ಬರು ಹುಡುಗರಲ್ಲಿ ಒಬ್ಬ, ಈ ಬಸ್ಸುಗಳ ವಾಡಿಕೆಯಂತೆ, ತನ್ನ ಬ್ಯಾಗನ್ನು ಅವಳ ತೊಡೆಯ ಮೇಲಿಟ್ಟ.

"ಸರ್ ಪ್ರಾಜೆಕ್ಟ್ ಆ್ಯಪಿನ ಹಿಸ್ಟರಿ ನೋಡಿದ್ರಾ ಮನೀಷ್?"

"ನೋಡಿದ್ರು. ಯಾರು ಎಷ್ಟು ಬರೆದದ್ದು ಅಂತ ಆ್ಯಪೇ ತೋರಿಸ್ತದೆ. ಹೆಚ್ಚಿನದ್ದು ನನ್ನ ಹೆಸರು, ಸ್ವಲ್ಪ ನಿಂದು."

"ಬರೆದದ್ದು ನಿತೇಶ ಅಲ್ವಾ ಮಾರಾಯ?"

"ಅವನು ಬರೆದದ್ದು ಪುಸ್ತಕದಲ್ಲಿ. ನಾನು ಫೋಟೋ ತೆಗೆದೆ, ಆ್ಯಪ್ ಟೈಪ್ ಮಾಡಿ ಕೊಟ್ಟಿತು. ಅವನ ಡಬ್ಬಾ ಫೋನಿಗೆ ಆ ಆ್ಯಪ್ ಹೋಗುವುದೇ ಇಲ್ಲ. ಪೆನ್ನಿಗೆ ಹಿಸ್ಟರಿ ಉಂಟಾ ಶೋಧನ್?"

ಇಬ್ಬರೂ ನಕ್ಕರು.

"ಅವನು ಪುಸ್ತಕ ತೋರಿಸಿದರೆ?"

"ಎಲ್ಲಿಂದ ತೋರಿಸ್ತಾನೆ? ಬಸ್ಸಲ್ಲಿ ಕಳೆದುಹೋಯ್ತು ಅಂತ ಹೇಳಿದ್ದೇನೆ. ಇಗೋ, ಈ ನನ್ನ ಬ್ಯಾಗಲ್ಲೇ ಉಂಟು."

"ಏನು ಹೇಳಿದ?"

"ಪರವಾಗಿಲ್ಲ, ಇನ್ನೊಮ್ಮೆ ಬರೀತೇನೆ ಅಂದ. ಪೆದ್ದ."

ಪ್ರೇಮಾವತಿ ಕಿಟಕಿಯಿಂದ ಹೊರಗೆ ನೋಡುತ್ತಲೇ ಇದ್ದಳು. ಮೂಡುಬಿದಿರೆ ಬಂತು.

"ಬ್ಯಾಗ್ ಕೊಡಿ ಅಮ್ಮ. ನಮಗೆ ಇಲ್ಲಿ ಇಳಿಯಲಿಕ್ಕೆ ಉಂಟು."

ಅವಳು ಬ್ಯಾಗಿನ ಪಟ್ಟಿಯನ್ನು ಬಿಡಲಿಲ್ಲ.

"ನನಗೂ ಇಲ್ಲೇ ಮಗಾ. ನಾನು ನಿತೇಶನ ಅಮ್ಮ. ಇದನ್ನು ನಾನೇ ಹಿಡ್ಕೊಂಡು ಬರ್ತೇನೆ, ಸರ್ ಹತ್ರ ಒಟ್ಟಿಗೆ ಹೋಗುವ."

ಮನೀಷ್ ತಿರುಗಿ ನೋಡಿದ. ಶೋಧನ್ ಆಗಲೇ ಇಳಿದು, ಹಿಂದೆ ನೋಡದೆ ಜನರ ನಡುವೆ ನಡೆದು ಹೋಗುತ್ತಿದ್ದ.