ತಪ್ಪುತ್ತಿದ್ದ ಬಡಿತ

ಬೆರಳಿಗೆ ಸೂಜಿ ಚುಚ್ಚಿಸಿಕೊಂಡ ಟೈಲರ್ ಆಸ್ಪತ್ರೆಯ ಬೆಂಚಿನ ಮೇಲೆ ಸರದಿಗೆ ಕಾಯುತ್ತಿದ್ದ. ಪಕ್ಕದ ಹೆಂಗಸು ನರ್ಸ್ ಮುಂದೆ ನೋಟ್‌ಬುಕ್ ಹಿಡಿದಳು. ಅವಳ ಗಂಡ ಆಚೆ ಬದಿಗೆ ಕೈಕಟ್ಟಿ ಕೂತಿದ್ದ. ಟೈಲರನ ಕಿವಿ ನಿಮಿರಿತು.

"ಮೂರು ತಿಂಗಳಿಂದ ದಿನಾ ನಮ್ಮನೆಯವರ ನಾಡಿ ನೋಡಿ ಬರ್ದಿದೀನಿ ಸಿಸ್ಟರ್. ನಡುನಡುವೆ ಬಡಿತ ತಪ್ಪತ್ತೆ. ಅದಕ್ಕೇ ಇವರಿಗೆ ಬಕೆಟ್ ಮುಟ್ಟೋಕೂ ಬಿಟ್ಟಿಲ್ಲ. ನೀರೆಲ್ಲ ನಾನೇ ಹೊರೋದು."

"ಪೂರ್ತಿ ನಿಮಿಷ ಎಣಿಸ್ತೀರಾ?"

"ಗಡಿಯಾರ ನೋಡ್ಕೊಂಡೇ ಎಣಿಸ್ತೀನಿ."

"ಹೇಗೆ ಹಿಡೀತೀರಿ, ತೋರ್ಸಿ."

ಹೆಂಗಸು ಗಂಡನ ಮಣಿಕಟ್ಟಿನ ಮೇಲೆ ಹೆಬ್ಬೆರಳು ಒತ್ತಿದಳು.

"ಅಯ್ಯೋ ಅಮ್ಮ, ಹೆಬ್ಬೆರಳಿಟ್ರೆ ನಿಮ್ಮ ನಾಡೀನೇ ನಿಮಗೆ ಸಿಗೋದು. ತೋರುಬೆರಳು, ನಡುಬೆರಳು ಇಡಬೇಕು. ಬಿಡಿ, ನಾನು ನೋಡ್ತೀನಿ."

ನರ್ಸ್ ಗೋಡೆಯ ಗಡಿಯಾರ ನೋಡುತ್ತ ಒಂದು ನಿಮಿಷ ಎಣಿಸಿದಳು.

"ಎಪ್ಪತ್ತು. ಒಂದೂ ತಪ್ಪಿಲ್ಲ. ಗುಂಡುಕಲ್ಲಿನ ಹಾಗಿದಾರೆ."

"ಹಾಗಾದ್ರೆ ತಪ್ತಾ ಇದ್ದಿದ್ದು?"

ನರ್ಸ್ ಅವಳ ನಾಡಿ ಹಿಡಿದಳು. ಈ ಸಲ ಗಡಿಯಾರದ ಸೆಕೆಂಡ್ ಮುಳ್ಳು ಎರಡು ಸುತ್ತು ಹಾಕಿತು.

"ಒಳಗೆ ಬನ್ನಿ. ಡಾಕ್ಟ್ರು ನೋಡ್ಲಿ."

"ಚೀಟಿ ಇವರ ಹೆಸರಲ್ಲಿದೆಯಲ್ಲ..."

"ಹೆಸರು ನಾನು ಬದಲಾಯಿಸ್ತೀನಿ."

ಗಂಡ ಎದ್ದು ಅವಳ ಚೀಲವನ್ನು ಹೆಗಲಿಗೆ ಹಾಕಿಕೊಂಡ.

"ಕೊಡಿ ಇಲ್ಲಿ, ನೀವು ಭಾರ ಹೊರಬಾರದು."

ಅವನು ಕೊಡಲಿಲ್ಲ. ಇನ್ನೊಂದು ಕೈಯಿಂದ ಬಾಗಿಲು ತೆರೆದು ಹಿಡಿದ.