ವ್ಯಾಸ ಗೊತ್ತಿಲ್ಲದ ಲೆಕ್ಕದ ಮೇಷ್ಟ್ರು

ಹಲೋ... ಯಾರು ಮಾತಾಡ್ತಿರೋದು? ಲೆಕ್ಕದ ಮೇಷ್ಟ್ರಾ, ಇಲ್ಲಾ ಕಾರ್ ಮೆಕ್ಯಾನಿಕ್ಕಾ?...

ನಾನೇ ರೀ, ನಿಮ್ಮ ಹೆಂಡತಿ... ಇಲ್ಲ, ಆಸ್ಪತ್ರೆ ಇನ್ನೂ ತಲುಪಿಲ್ಲ. ಅರ್ಧ ದಾರೀಲಿ ಕಾರು ಮುಷ್ಕರ ಹೂಡ್ತು. ಬಾನೆಟ್ಟಿಂದ ಬುಸ್ ಅಂತ ಹಬೆ ಎದ್ದಿದ್ದು ನೋಡಿ, ಹಿಂದಿದ್ದ ಬಸ್ಸಿನವನು ಬೆಂಕಿ ಬಿತ್ತು ಅಂತ ಇಳಿದು ಓಡಿಬಂದ...

ಅತ್ತೆ ಚೆನ್ನಾಗಿದಾರೆ. ಅಂಗಡಿ ನೆರಳಲ್ಲಿ ಕೂರಿಸಿದೀನಿ. ಹನ್ನೊಂದಕ್ಕೆ ಕಣ್ಣಿನ ಆಪರೇಷನ್ನು, ತಪ್ಪಿದ್ರೆ ಮತ್ತೆ ಎರಡು ತಿಂಗಳು. ನೆನಪಿದೆ ಅಲ್ವಾ?...

ಏನು, ಕಾರು ಹಳೇದಾಯ್ತಾ? ಆಹಾ! ಕುಣಿಯೋಕೆ ಬರದವಳು ನೆಲ ಡೊಂಕು ಅಂದ್ಳಂತೆ. ಭಾನುವಾರ ಬಾನೆಟ್ ಎತ್ತಿ ಏನು ಮಾಡಿದ್ರಿ?... ಸಣ್ಣ ಕೆಲಸಾನಾ? ಸರಿ. ರೇಡಿಯೇಟರ್ ಪೈಪು ಉಬ್ಬಿತ್ತು, ಉಬ್ಬಿದ್ದನ್ನ ಕತ್ತರಿಸಿದ್ರಿ. ನಡುವೆ ಏನು ಸೇರಿಸಿದ್ರಿ?... ಯಾವುದೋ ಪೈಪಾ? ಬಟ್ಟೆ ಒಗೆಯೋ ಮಿಷನ್ನಿಂದಲ್ವಾ ಅದು?...

ಅದಕ್ಕೇ! ಮೂರು ದಿನದಿಂದ ಬಚ್ಚಲು ತುಂಬಾ ನೊರೆ. ನಾನು ಪಾಪ, ಸೋಪಿನ ಪುಡೀನ ಬೈಕೊಂಡೆ...

ದಪ್ಪ ಪೈಪಿಗೆ ಸಣ್ಣ ಪೈಪು ತುರುಕಿ, ಸಂದಿಗೆ ಸೈಕಲ್ ಟ್ಯೂಬು, ಮೇಲೆ ತಂತಿ! ಎತ್ತು ಏರಿಗೆಳೆದ್ರೆ ಕೋಣ ನೀರಿಗೆಳೀತು. ದಿನಾ ಹಲಗೆ ಮೇಲೆ ವೃತ್ತ ಬರೆದು ಮಕ್ಕಳನ್ನ ವ್ಯಾಸ ಕೇಳ್ತೀರಲ್ವಾ? ತಪ್ಪು ಹೇಳಿದವರನ್ನ ಬೆಂಚ್ ಹತ್ತಿಸ್ತೀರಲ್ವಾ? ನೀವೆಲ್ಲಿದೀರಾ ಈಗ, ಕುರ್ಚೀಲಾ? ಹತ್ತಿ ಬೆಂಚು...

ಗ್ಯಾರೇಜಿಗೆ ಹೇಳೋದೇನೂ ಬೇಡ. ಬಂದಾಯ್ತು... ಇನ್ಯಾರು? ನನ್ನ ತಮ್ಮ...

ಏನು, ಅವನಾ ಅಂದ್ರಾ?...

ಹಾಂ, ಅವನೇ. ಎಂಟು ತಿಂಗಳ ಹಿಂದೆ ಊಟಕ್ಕೆ ಕೂತಾಗ, 'ಗ್ರೀಸ್ ಕೈಯವರ ಬುದ್ಧಿ ನಮಗೆ ಬೇಡ' ಅಂದ್ರಲ್ಲಾ, ಅದೇ ಗ್ರೀಸ್ ಕೈಯವನು. ಅರ್ಧ ಊಟಕ್ಕೆ ಎದ್ದುಹೋದವನು ಮತ್ತೆ ನಮ್ಮ ಹೊಸಿಲು ತುಳಿದಿಲ್ಲ. ಇವತ್ತು ಫೋನ್ ಮಾಡಿದ ಇಪ್ಪತ್ತೇ ನಿಮಿಷಕ್ಕೆ ಬಂದು ನಿಂತ...

ಸರಿಯಾದ ಪೈಪು ಅಷ್ಟು ಬೇಗ ಎಲ್ಲಿ ಸಿಕ್ತು ಅಂತಾನಾ? ಇದನ್ನ ಮಾತ್ರ ಕೂತ್ಕೊಂಡೇ ಕೇಳಿ. ಅವನ ಗ್ಯಾರೇಜಿನ ಗೋಡೆ ಮೊಳೇಲಿ ನೇತಾಡ್ತಿತ್ತಂತೆ, ನಮ್ಮ ಕಾರಿನ ನಂಬರ್ ಬರೆದ ಚೀಟಿ ಸಮೇತ, ಎಂಟು ತಿಂಗಳಿಂದ. ಪೈಪು ಉಬ್ಬಿದೆ, ಬದಲಾಯಿಸ್ಬಿಡೋಣ ಭಾವ, ಅಂತ ಅವತ್ತು ಅವನು ಹೇಳೋಕೆ ಹೊರಟಿದ್ದು ಇಷ್ಟೇ. ನೀವು ಬಾಯಿ ತೆಗೆಯೋಕೆ ಬಿಟ್ರಾ?... ನಂಗಂತೂ ಚೀಟಿ ನೋಡಿ ನಡುರಸ್ತೇಲೇ ಅಳು ಬಂತು...

ಆಯ್ತು, ಪೈಪು ಕೂತಿದೆ, ನೀರೂ ತುಂಬಿದಾನೆ. ಇನ್ನೂ ಹತ್ತೂಕಾಲು, ಹೊತ್ತಿಗೆ ತಲುಪ್ತೀವಿ. ಸಂಜೆ ಅತ್ತೇನ ಮನೇಗೂ ಅವನೇ ಕರ್ಕೊಂಡು ಬರ್ತಾನಂತೆ. ಗೇಟಿನ ತನಕ. ಒಳಗೆ ಬರಲ್ವಂತೆ... ಇರಿ, ಅತ್ತೆ ಏನೋ ಅಂತಿದಾರೆ... 'ಅವನು ಗೇಟಲ್ಲೇ ನಿಂತ್ರೆ ನಾನೂ ಕಣ್ಣಿನ ಪಟ್ಟಿ ಸಮೇತ ಗೇಟಲ್ಲೇ ನಿಲ್ತೀನಿ' ಅಂತ. ನಿಮ್ಮಮ್ಮಂದೇ ಮಾತು, ನಂದಲ್ಲ...

ಮೆಸೇಜ್ ಹಾಕ್ತೀರಾ? ಏನೂ ಬೇಡ. ಬಾಯಲ್ಲಿ ಅಂದಿದ್ದಕ್ಕೆ ಬಾಯಲ್ಲೇ ಹೇಳಿ... ಯಾಕೆ ಪಿಸುಪಿಸು?... ಮೇಷ್ಟ್ರುಗಳೆಲ್ಲಾ ಪಕ್ಕದಲ್ಲೇ ಕೂತಿದಾರಾ? ಕೂತಿರ್ಲಿ ಬಿಡಿ. ಅವತ್ತು ಅವನನ್ನ ಅಂದಿದ್ದೂ ಊಟಕ್ಕೆ ಕೂತಿದ್ದ ಎಲ್ಲರ ಮುಂದೇನೇ ಅಲ್ವಾ...

ಹಾಂ, ಈಗ ದಾರಿಗೆ ಬಂದ್ರಿ. ತಮ್ಮಾ, ಬಾರೋ ಇಲ್ಲಿ. ಕೈ ಗ್ರೀಸಾಗಿದ್ರೆ ಇರ್ಲಿ, ಫೋನು ನಾನೇ ಹಿಡೀತೀನಿ... ಹೇಳಿ ರೀ... ಜೋರಾಗಿ, ಲಾರಿ ಹೋಗ್ತಿದೆ, ಅವನಿಗೆ ಕೇಳಿಸ್ಲಿಲ್ಲ... ಇನ್ನೂ ಜೋರು...

ಅಬ್ಬಾ! ನಂಗೂ ಕೇಳಿಸ್ತು. 'ತಪ್ಪಾಯ್ತು, ಮನೆಗೆ ಬಾರಪ್ಪ', ಅಲ್ವಾ? ಇಡೀ ಸ್ಕೂಲಿಗೇ ಕೇಳಿಸಿರುತ್ತೆ...

ಅವನಾ? ಅದೇ ಗ್ರೀಸ್ ಕೈಲಿ ಕಣ್ಣೊರೆಸ್ಕೊಂಡು ಮುಖ ಎಲ್ಲಾ ಕಪ್ಪು ಮಾಡ್ಕೊಂಡಿದಾನೆ. ಸಂಜೆ ಹಾಗೇ ಕರ್ಕೊಂಡು ಬಂದು ನಿಮ್ಮ ಬಿಳೀ ಸೋಫಾ ಮೇಲೆ ಕೂರಿಸ್ತೀನಿ. ನೀವು ಮಾತ್ರ ತುಟಿ ಪಿಟಕ್ ಅನ್ನಬಾರ್ದು...

ಹಲೋ?... ಹಲೋ?... ಸೋಫಾ ಅಂದಿದ್ದೇ ತಡ, ಫೋನ್ ಇಟ್ಬಿಟ್ರಾ?